ಎರಡು ಮುಖ, ಒಂದು ಫೋಕಸ್ಸು

ಎಪ್ಪತ್ತರ ದಶಕದ ಕೊನೆಯಲ್ಲಿ ಹೊನ್ನಾಳಿಯ ಸ್ಟುಡಿಯೋ ಒಂದರಲ್ಲಿ ನಾನು ಕೆಲಸ ಕಲಿಯುತ್ತಿದ್ದೆ. ತಲೆ ತುಂಬ ಮಸುಕು ಹಿನ್ನೆಲೆಯ ಹುಚ್ಚು. ರದ್ದಿಗೆ ಬಂದ ಇಂಗ್ಲಿಷ್ ವಾರಪತ್ರಿಕೆಗಳಿಂದ ದೊಡ್ಡ ದೊಡ್ಡ ಛಾಯಾಗ್ರಾಹಕರ ಚಿತ್ರ ಕತ್ತರಿಸಿ ಡಾರ್ಕ್‌ರೂಮಿನ ಬಾಗಿಲಿಗೆ ಅಂಟಿಸಿದ್ದೆ. ಒಂದರಲ್ಲಿ ಮುದುಕಿಯ ಮುಖದ ಸುಕ್ಕೆಲ್ಲ ಎಣಿಸುವಷ್ಟು ಸ್ಪಷ್ಟ, ಹಿಂದಿನ ಬೀದಿ ಮಾತ್ರ ಕರಗಿಹೋಗಿದೆ. ನಾನೂ ನಮ್ಮೂರು ಜಗಳೂರಿಗೆ ಹೋದಾಗ ಕುರಿಮಂದೆಯ ಮುಂದೆ ಅವ್ವನನ್ನು ನಿಲ್ಲಿಸಿ ಹಾಗೇ ತೆಗೆದೆ. ಅವ್ವ ಫೋಟೋ ನೋಡಿ, "ಕುರಿ ಎಲ್ಲಿ ಹೋದವೋ?" ಅಂದಳು.

ಸ್ಟುಡಿಯೋ ಮಾಲೀಕರು ಅದನ್ನು ನೋಡಿ ನಕ್ಕರು. "ಲೆನ್ಸಿನ ಕಿಂಡಿ ಪೂರ್ತಿ ತೆರೆದರೆ ಒಂದೇ ಸಾಲು ನೆಟ್ಟಗೆ ಬರ್ತೈತೆ. ಹಿಂದೆ ಮುಂದೆ ಇರೋರೂ ಬರಬೇಕಂದ್ರೆ ಕಿರಿದು ಮಾಡ್ಬೇಕು, ಆಗ ಟೈಮ್ ಜಾಸ್ತಿ ಬೇಕು, ಯಾರೂ ಅಲ್ಲಾಡಂಗಿಲ್ಲ" ಅಂದರು. ಬಾಯಿಪಾಠ ಮಾಡಿಕೊಂಡೆ.

ಒಂದು ಬೆಳಿಗ್ಗೆ ಅವರು ಫ್ಲ್ಯಾಶ್ ಸಮೇತ ನ್ಯಾಮತಿಯ ಮದುವೆಗೆ ಹೋಗಿದ್ದರು. ಸಾಸ್ವೆಹಳ್ಳಿಯಿಂದ ಆಳೊಬ್ಬ ಕರೆಯಲು ಬಂದ: ಮನೆಯ ಯಜಮಾನರು ತೀರಿಕೊಂಡಿದ್ದಾರೆ, ಮಣ್ಣಿಗೆ ಮುಂಚೆ ಫೋಟೋ ಆಗಬೇಕು. ಹೋದವರನ್ನು ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಮನೆಮಂದಿ ಸುತ್ತ ಕೂತು ಫೋಟೋ ತೆಗೆಸುವುದು ನಮ್ಮ ಕಡೆ ರೂಢಿ. ಎಷ್ಟೋ ಮನೆಗಳಲ್ಲಿ ಅದೊಂದೇ ಫೋಟೋ. ಅಲ್ಲೂ ಹಾಗೇ ಎಂದು ಬಸ್ಸಿನಲ್ಲಿ ಆ ಆಳು ಹೇಳಿದಾಗ ಕ್ಯಾಮೆರಾ ಚೀಲವನ್ನು ಎದೆಗವಚಿಕೊಂಡೆ.

ಪಡಸಾಲೆಯಲ್ಲಿ ಬಾಗಿಲ ಬೆಳಕೊಂದೇ. ಯಜಮಾನರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹೆಂಡತಿ ಕೂತದ್ದು ಅವರಿಗಿಂತ ಎರಡು ಮೊಳ ಮುಂದೆ, ಕಾಲಿನ ಹತ್ತಿರ. ಲೆನ್ಸು ತೆರೆದರೆ ಇಬ್ಬರಲ್ಲಿ ಒಬ್ಬರು ಮಸುಕು. ಕಿರಿದು ಮಾಡಿದರೆ ಹೋದವರು ಅಲ್ಲಾಡುವುದಿಲ್ಲ, ಆದರೆ ಈಕೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಾರೆ. ಡಾರ್ಕ್‌ರೂಮಿನ ಬಾಗಿಲಿಗೆ ಅಂಟಿಸಿದ ಮಹಾಶಯರಲ್ಲಿ ಒಬ್ಬನೂ ಇಂಥ ಹೊತ್ತಿಗೆ ಏನು ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲ. ಹೊರಗೆ ಭಜನೆಯವರು ಅವಸರ ಮಾಡುತ್ತಿದ್ದರು. ನನಗೆ ಓಡಿಹೋಗಬೇಕು ಅನ್ನಿಸಿತು.

"ಅಮ್ಮಾರೇ, ಒಂದೀಟು ಹಿಂದೆ ಸರೀರಿ. ಅವರ ಭುಜದ ಸಮಕ್ಕೆ ಬರ್ರಿ" ಅಂದೆ.

ಆಕೆ ಅಲ್ಲಾಡಲಿಲ್ಲ. ಮೂಲೆಯಲ್ಲಿದ್ದ ಅತ್ತೆಯ ಕಡೆ ನೋಡಿದರು. ಹಿರಿಯರ ಎದುರು ಗಂಡನ ಸರಿಸಮ ಕೂರುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಬಾಯಿ ಮುಚ್ಚಿಕೊಂಡು ತೆಗೆಯಬಾರದಿತ್ತೇ ಎಂದು ನನ್ನನ್ನೇ ಬೈದುಕೊಂಡೆ.

ಮಗನನ್ನು ಕಳೆದುಕೊಂಡ ಆ ಮುದುಕಿ ಕಣ್ಣೊರೆಸಿಕೊಂಡು, "ಕುಂತ್ಕಳೇ ತಾಯಿ, ಪಕ್ಕಕ್ಕೆ ಕುಂತ್ಕ" ಅಂದರು.

ಆಕೆ ಹಿಂದೆ ಸರಿದರು. ಭುಜಕ್ಕೆ ಭುಜ ತಾಗಿತು. ಈಗ ಎರಡೂ ಮುಖ ಒಂದೇ ಸಾಲಿನಲ್ಲಿ. ಆದರೂ ಭಯಕ್ಕೆ ಲೆನ್ಸು ಸ್ವಲ್ಪ ಕಿರಿದು ಮಾಡಿ, ಉಸಿರು ಬಿಗಿ ಹಿಡಿಯಲು ಹೇಳಿ, ಗುಂಡಿ ಒತ್ತಿದೆ. ಆಕೆಯ ಅಳು ನಿಂತಿತ್ತು. ಚೆನ್ನಾಗಿ ಬಂದಿದೆ ಎಂದು ನನಗೆ ಆಗಲೇ ಗೊತ್ತಾಯಿತು, ಮೈಯೆಲ್ಲ ಹಗುರಾಯಿತು.

ಜನ ಎದ್ದರು. ಹೊರುವವರು ಒಳಗೆ ಬಂದರು. ಆಕೆ ಮಾತ್ರ ಏಳದೆ ನನ್ನನ್ನು ಕೈಸನ್ನೆ ಮಾಡಿ ಕರೆದರು. ಬಗ್ಗಿದೆ.

"ತಮ್ಮಾ, ಫೋಟೋ ಬಂದಿಲ್ಲ ಅಂತ ಹೇಳಪ್ಪಾ" ಅಂದರು ಪಿಸುದನಿಯಲ್ಲಿ. "ಇನ್ನೊಂಚೂರು ಹಿಂಗೇ ಕುಂತಿರ್ತೀನಿ."

ಹೊರುವವರಿಗೆ ಕೈ ಅಡ್ಡ ಹಿಡಿದು, "ಸರಿಯಾಗಿ ಬಂದಿಲ್ರೀ, ಇನ್ನೊಂದು ತೆಗೀಬೇಕು" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದೆ. ಆಮೇಲೆ ಕ್ಯಾಮೆರಾದ ಹಿಂದೆ ನಿಂತು, ಸರಿಯಾಗಿಯೇ ಇದ್ದ ಫೋಕಸ್ಸನ್ನು ಆಚೆಗೂ ಈಚೆಗೂ ತಿರುಗಿಸುತ್ತಾ ಹೋದೆ.