ಹೊರನಡೆದ ದಿನದ ಪ್ರಶ್ನೆ

ವಕೀಲರ ಮನೆಯ ಮುಂಗೋಣೆಯಲ್ಲಿ ನಾನು ಗೋಡೆಗೆ ಮೂರು ತಂತಿ ತೂಗುಬಿಟ್ಟಿದ್ದೆ. ಬಂದ ಅರ್ಜಿಗಳನ್ನು ಓದಿ ಆಯಾ ತಂತಿಗೆ ಚುಚ್ಚುವುದು ನನ್ನ ಕೆಲಸ. ಮೊದಲನೆಯದು ಹಳ್ಳಿಯ ಬಾವಿ, ರಸ್ತೆ, ಶಾಲೆಯ ಮಾಳಿಗೆಗೆ. ಎರಡನೆಯದು ವಿದ್ಯುತ್ತಿಗೆ. ಮೂರನೆಯದು ಕೋರ್ಟು, ಪೊಲೀಸು, ಜೈಲಿಗೆ. ವಕೀಲರು ನಮ್ಮ ಭಾಗದಿಂದ ಮುಂಬೈ ವಿಧಾನಸಭೆಗೆ ಆರಿಸಿ ಹೋಗಿದ್ದ ವಿರೋಧ ಪಕ್ಷದವರು. ಗದಗ ಆಗ ಮುಂಬೈ ರಾಜ್ಯದಲ್ಲಿತ್ತು.

ನಮ್ಮ ಅಜ್ಜ ಗುಡಿಯ ಪೂಜೆ ಮಾಡಿದವರು, ಅಪ್ಪ ಕಚೇರಿಯ ಕಾರಕೂನ, ನಾನು ಶಾಲಾ ಮಾಸ್ತರ. ಹೆಡ್‌ಮಾಸ್ತರರ ಜೊತೆ ಜಗಳಾಡಿ ನೌಕರಿಗೆ ರಾಜೀನಾಮೆ ಕೊಟ್ಟು ಬಂದವನು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಇದೆ. ನನ್ನ ಇಂಗ್ಲಿಷು ಚೆನ್ನಾಗಿದೆ ಎಂದು ವಕೀಲರು ಕರೆದು ಕೂರಿಸಿಕೊಂಡರು. ಕನ್ನಡದಲ್ಲಿ ಬಂದ ಗೋಳನ್ನು ಇಂಗ್ಲಿಷಿನ ನಾಲ್ಕು ಸಾಲಿಗೆ ಇಳಿಸಿ, ಕೊನೆಗೆ ಪ್ರಶ್ನೆಯ ಚಿಹ್ನೆ ಹಾಕಿ ಮುಂಬೈಗೆ ಕಳಿಸಬೇಕು. ವಿರೋಧ ಪಕ್ಷದವನ ಕೈಯಲ್ಲಿ ಮತ್ತೇನಿರುತ್ತದೆ? ಕೊಡುವ ಅಧಿಕಾರವಿಲ್ಲ, ಕೇಳುವ ಅಧಿಕಾರ ಮಾತ್ರ ಉಂಟು.

ಕೇಳಿ ಕೇಳಿ ಸಾಕಾಗುತ್ತಿತ್ತು. ಹುಲಕೋಟಿಯವರು ವಿದ್ಯುತ್ತು ಬಂದರೆ ಬಾವಿಗೆ ಪಂಪು ಕೂರಿಸುತ್ತೇವೆ ಎನ್ನುತ್ತಿದ್ದರು. ಮುಂಡರಗಿಯಿಂದ ಬಂದವರು, "ಗದಗಿನ್ಯಾಗ ದೀಪ ಉರೀತಾವು, ನಾವೇನ್ ಪಾಪಾ ಮಾಡೇವ್ರಿ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರು, ನಾನೇ ಕಂಬಗಳನ್ನು ಬಚ್ಚಿಟ್ಟವನ ಹಾಗೆ. ಕೋಟುಮಚಗಿಯವರದು ಶಾಲೆಯ ಸೋರುವ ಮಾಳಿಗೆ. ಎಲ್ಲಕ್ಕೂ ಮಂತ್ರಿಗಳ ಉತ್ತರ ಒಂದೇ: ವಿಷಯ ಪರಿಶೀಲನೆಯಲ್ಲಿದೆ. ಆ ಮಾತು ಓದಿದಾಗೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ವಕೀಲರು ಮಾತ್ರ ಸಮಾಧಾನಿ. "ಪರಿಶೀಲನೆ ಅಂದ್ರಲ್ಲಾ, ಕಾಗದ ಜೀವಂತ ಐತಿ ಅಂತ ತಿಳ್ಕೋ. ಇನ್ನೊಂದ್ಸಲ ಬರಿ," ಎನ್ನುತ್ತಿದ್ದರು.

ಮೂರನೆಯ ತಂತಿಯಲ್ಲಿ ಒಂದು ಅರ್ಜಿ ಎಲ್ಲಕ್ಕಿಂತ ಹಳೆಯದು. ಅದನ್ನು ತಂದವಳು ಲಕ್ಷ್ಮೇಶ್ವರದ ಆಚೆಯ ಒಂದು ಹಳ್ಳಿಯ ರೈತ ಹೆಣ್ಣುಮಗಳು. ವಯಸ್ಸು ಮೂವತ್ತರ ಮೇಲೆ ಇರಬೇಕು. ಗದಗಿನ ಸಂತೆಗೆ ಬರುವ ಬಸ್ಸು ಹತ್ತಿ, ಸಂತೆ ಮಾಡುವ ಮೊದಲು ನಮ್ಮಲ್ಲಿಗೆ ಬರುತ್ತಿದ್ದಳು. ಅವಳ ಊರು ಮೊದಲು ಸಂಸ್ಥಾನದ ಆಳ್ವಿಕೆಯಲ್ಲಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸದರಲ್ಲಿ, ಸಂಸ್ಥಾನವನ್ನೂ ದೇಶಕ್ಕೆ ಸೇರಿಸಬೇಕೆಂದು ಊರ ಗಂಡಸರು ಕೂಗಾಡಿ, ಒಂದು ದಿನ ಚಾವಡಿಯ ದಫ್ತರಕ್ಕೆ ಬೆಂಕಿ ಇಟ್ಟರು. ಏಳು ಜನ ಸಿಕ್ಕಿಬಿದ್ದರು. ಸಂಸ್ಥಾನ ವಿಲೀನವಾದ ಮೇಲೆ ಆರು ಜನ ಚಳವಳಿಯವರೆಂದು ಬಿಡುಗಡೆಯಾಗಿ ಬಂದರು. ಇವಳ ಗಂಡನ ಕೈಯಲ್ಲಿ ಕಡ್ಡಿಪೆಟ್ಟಿಗೆ ಸಿಕ್ಕಿತ್ತಂತೆ. ಅವನ ಹೆಸರಿನ ಮುಂದೆ ಬರೀ ಬೆಂಕಿ ಹಚ್ಚಿದ ಅಪರಾಧದ ಕಲಮು ಬರೆದಿದ್ದರು, ಚಳವಳಿಯ ಮಾತೇ ಇರಲಿಲ್ಲ. ಹಾಗಾಗಿ ಅವನು ದೂರದ ಒಂದು ಜೈಲಿನಲ್ಲೇ ಉಳಿದ. ಎದೆಯ ಬೇನೆ ಬೇರೆ ಹತ್ತಿಕೊಂಡಿತ್ತು.

"ಮಾಸ್ತರ್ರ, ಉಳದವ್ರೆಲ್ಲಾ ಮಾಲಿ ಹಾಕ್ಕೊಂಡು ಊರಾಗ ಬಂದ್ರು," ಎಂದಳು ಮೊದಲ ದಿನವೇ. "ನನ್ನ ಗಂಡಗ ಮಾಲಿ ಬ್ಯಾಡ್ರಿ. ಮನಿಗೆ ಕಳಸ್ರಿ ಸಾಕು."

ಬಾಯಿ ಬಹಳ ಜೋರು ಅವಳದು. ನಾನು ಸಿಡುಕಿದರೆ ನನಗಿಂತ ಜೋರಾಗಿ ಸಿಡುಕುತ್ತಿದ್ದಳು. ಆಮೇಲೆ ಗಂಟು ಬಿಚ್ಚಿ ಎರಡು ರೊಟ್ಟಿ, ಕೆಂಪು ಚಟ್ನಿ ನನ್ನ ಮುಂದಿಟ್ಟು, "ಉಣ್ರಿ. ಹೊಟ್ಟಿ ಹಸದಿದ್ದಕ್ಕ ಹಿಂಗ ಮಾತಾಡ್ತೀರಿ," ಎನ್ನುತ್ತಿದ್ದಳು. ಅವಳ ಅರ್ಜಿಯನ್ನು ನಾನು ನಾಲ್ಕು ಬಾರಿ ತಿದ್ದಿ ಬರೆದೆ. ಸಭೆಯಲ್ಲಿ ಮಂತ್ರಿ ಎದ್ದು ನಿಂತು ಬಾಯಿಂದಲೇ ಉತ್ತರ ಹೇಳಬೇಕಾದ ಪ್ರಶ್ನೆಗೆ ನಕ್ಷತ್ರದ ಗುರುತು ಹಾಕುತ್ತಾರೆ. ಇದಕ್ಕೂ ಹಾಕಿದೆ.

"ಈ ಚಿಕ್ಕಿ ಹಾಕಿದ್ರ ಮಂತ್ರಿ ಬಾಯಿ ಬಿಡಬೇಕೇನ್ರಿ?"

"ಬಿಡಬೇಕು. ಆದ್ರ ನಮ್ಮ ವಕೀಲ್ರು ಅಲ್ಲಿ ಎದ್ದು ನಿಂತು ಕೇಳಬೇಕು. ಅವ್ರು ಇರಲಿಲ್ಲಂದ್ರ ಪ್ರಶ್ನೆ ಬಿತ್ತು."

"ಯಾಕ ಇರೂದಿಲ್ಲ? ಅದಕ್ಕಽ ಅಲ್ಲೇನ್ರಿ ಅವ್ರನ್ನ ಆರಿಸಿ ಕಳಿಸಿದ್ದು?" ಎಂದು ನಕ್ಕಳು. ನಾನೂ ನಕ್ಕೆ.

ಎರಡು ಅಧಿವೇಶನ ಕಳೆದ ಮೇಲೆ ಆ ಪ್ರಶ್ನೆ ಅಂಗೀಕಾರವಾಯಿತು. ಮುಂಬೈಯಿಂದ ಬಂದ ಅಚ್ಚಿನ ಪಟ್ಟಿಯಲ್ಲಿ ದಿನವೂ ಗೊತ್ತಾಗಿತ್ತು. ಅವಳಿಗೆ ಓದಿ ಹೇಳಿದೆ. ಅವಳು ಆ ಕಾಗದವನ್ನು ಇಸಿದುಕೊಂಡು, ಓದು ಬಾರದಿದ್ದರೂ ಬಹಳ ಹೊತ್ತು ನೋಡುತ್ತ ಕುಳಿತಳು.

ಅದೇ ವಾರ ಏಕೀಕರಣದ ಚಳವಳಿ ಕಾವೇರಿತು. ಕನ್ನಡ ಮಾತನಾಡುವ ನಾವು ಮುಂಬೈಯಲ್ಲಿ ಒಂದಿಷ್ಟು, ಹೈದರಾಬಾದಿನಲ್ಲಿ ಒಂದಿಷ್ಟು, ಮೈಸೂರಿನಲ್ಲಿ ಒಂದಿಷ್ಟು ಹರಿದು ಹಂಚಿಹೋಗಿದ್ದೆವು. ಒಂದಾಗಬೇಕೆಂಬ ಹುಚ್ಚು ನನಗೂ ತಲೆಗೇರಿತ್ತು. ಕೆಲವು ಕಾರ್ಯಕರ್ತರನ್ನು ಪೊಲೀಸರು ಹಿಡಿದರೆಂಬ ಸುದ್ದಿ ಬಂದದ್ದೇ ತಡ, ಬೆಟಗೇರಿಯ ನೇಕಾರರ ಓಣಿಯಲ್ಲಿ ಸಭೆ ಸೇರಿದೆವು. ಮುಂಬೈಯಲ್ಲಿದ್ದ ನಮ್ಮ ವಕೀಲರು ಪ್ರತಿಭಟಿಸಿ ವಿಧಾನಸಭೆಯಿಂದ ಹೊರನಡೆಯಬೇಕು ಎಂದು ಠರಾವಾಯಿತು. ಯಾವಾಗ ಎಂಬ ಮಾತು ಬಂದಾಗ ಎದ್ದು ನಿಂತವನು ನಾನು. ಪ್ರಶ್ನೋತ್ತರದ ವೇಳೆಗೇ ಪತ್ರಿಕೆಯವರು ತುಂಬಿರುತ್ತಾರೆ, ಅದು ಶುರುವಾಗುತ್ತಲೇ ಹೊರನಡೆದರೆ ಮಾತ್ರ ಸುದ್ದಿಯಾಗುತ್ತದೆ ಎಂದೆ. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನಗೆ ಬಹಳ ಹಿತವಾಯಿತು. ಸುಳ್ಳು ಯಾಕೆ ಹೇಳಲಿ?

ತಾರು ಬರೆಯಲು ಅಂಚೆ ಕಚೇರಿಗೆ ಹೋದವನೂ ನಾನೇ. "ನಾಳೆ ಪ್ರಶ್ನೋತ್ತರ ಆರಂಭದಲ್ಲೇ ಹೊರನಡೆಯಿರಿ, ಗದಗ-ಬೆಟಗೇರಿಯ ಜನರ ಒಕ್ಕೊರಲ ಕೋರಿಕೆ" ಎಂದು ಇಂಗ್ಲಿಷಿನಲ್ಲಿ ಬರೆದೆ. ಬರೆಯುತ್ತಿರುವಾಗ ನೆನಪಾಯಿತು. ನಾಳೆಯೇ ಅವಳ ಪ್ರಶ್ನೆ. ಮರೆತಿದ್ದೆ ಎಂದು ಹೇಳಿಕೊಂಡರೆ ನನಗೆ ಹಗುರಾಗುತ್ತಿತ್ತು. ಆದರೆ ತಾರು ಕೊಡುವ ಮೊದಲೇ ನೆನಪಾಗಿತ್ತು. ಕೈಯಲ್ಲಿ ಪೆನ್ನು ಹಿಡಿದು ಒಂದು ಕ್ಷಣ ನಿಂತೆ. ನಾಡೇ ಒಂದಾಗಲು ಹೊರಟಿರುವಾಗ ಒಬ್ಬನ ಪ್ರಶ್ನೆ ಸ್ವಲ್ಪ ತಡವಾದರೆ ಏನಾದೀತು, ನಮ್ಮದೇ ರಾಜ್ಯ ಬಂದರೆ ಇಂಥವರು ಕೇಳದೆಯೇ ಬಿಡುಗಡೆಯಾಗುತ್ತಾರೆ ಅಂದುಕೊಂಡೆ. ಆಗ ನಮ್ಮಂಥವರೆಲ್ಲ ಹಾಗೇ ಅಂದುಕೊಳ್ಳುತ್ತಿದ್ದೆವು. ಬಾವಿಯಾಗಲಿ, ದೀಪವಾಗಲಿ, ಜೈಲಾಗಲಿ, ಎಲ್ಲಕ್ಕೂ ಏಕೀಕರಣವೇ ಮದ್ದು. ತಾರಿನ ಕಾಗದವನ್ನು ಕಿಟಕಿಯೊಳಗೆ ಕೊಟ್ಟು ಮನೆಗೆ ಬಂದೆ.

ವಕೀಲರು ಹೊರನಡೆದರು. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಊರಿಗೆ ಮರಳಿದಾಗ ಗದಗ ಸ್ಟೇಷನ್ನಿನಲ್ಲಿ ಜನವೋ ಜನ, ಕೊರಳ ತುಂಬ ಹಾರ. ಮನೆಗೆ ಬಂದು ಹಾರಗಳನ್ನು ತೆಗೆದಿಟ್ಟು, ಅವರು ನನ್ನನ್ನು ಒಳಗೆ ಕರೆದರು. ಮುಖ ಬಾಡಿತ್ತು.

"ನಮ್ಮ ನಂಬರು ಕೂಗಿದಾಗ ನಾನು ಹೊರಗ ಪಡಸಾಲ್ಯಾಗ ನಿಂತಿದ್ದೆ. ಕಿವಿಗೆ ಬಿತ್ತು. ಆ ಹೆಣಮಗಳ ಪ್ರಶ್ನಿ ಅಂತ ಗೊತ್ತಿತ್ತು. ಆದ್ರ ಜನಾ ತಾರ್ ಕಳಿಸ್ಯಾರಲ್ಲಾ, ತಿರುಗಿ ಹೆಂಗ ಒಳಗ ಹೋಗ್ಲಿ?"

ಆ ಜನ ಯಾರೆಂದು ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ. "ಮುಂದಿನ ಸಲ ಕೇಳೋಣ್ರಿ," ಎಂದಷ್ಟೇ ಅಂದೆ. ಬಿದ್ದ ಪ್ರಶ್ನೆಯನ್ನು ಅದೇ ಅಧಿವೇಶನದಲ್ಲಿ ಎತ್ತಲು ಬಿಡಲಿಲ್ಲ. ವಕೀಲರು ಸುಮ್ಮನಿರದೆ ಕಚೇರಿಯಿಂದ ಕಚೇರಿಗೆ ಅಲೆದರು, ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ. ಸಂತೆಯ ದಿನ ಅವಳು ಬಂದಾಗ, ಸಭೆಯಲ್ಲಿ ಗದ್ದಲವಾಯಿತು, ಪ್ರಶ್ನೆ ಮುಂದಕ್ಕೆ ಹೋಯಿತು ಎಂದು ತಲೆ ತಗ್ಗಿಸಿ ಹೇಳಿದೆ. ಗದ್ದಲ ಮಾಡಿದವರು ಯಾರೆಂದು ಹೇಳಲಿಲ್ಲ. "ಆತು ಬಿಡ್ರಿ, ಇಷ್ಟು ದಿನಾ ತಡದೇನಿ," ಎಂದಳು. ಆ ದಿನವೂ ರೊಟ್ಟಿ ಕೊಟ್ಟಳು. ಉಣ್ಣದೆ ಹಾಗೇ ಕಾಗದದಲ್ಲಿ ಸುತ್ತಿಟ್ಟೆ.

ಮುಂದಿನ ಅಧಿವೇಶನಕ್ಕೆ ಇನ್ನೂ ಒಂದು ತಿಂಗಳಿರುವಾಗಲೇ ಅವಳ ಗಂಡ ಜೈಲಿನ ದವಾಖಾನೆಯಲ್ಲಿ ತೀರಿಕೊಂಡ. ಹೆಣವನ್ನೂ ಊರಿಗೆ ತರಲಾಗಲಿಲ್ಲ. ಸುದ್ದಿ ಮುಟ್ಟುವ ಹೊತ್ತಿಗೆ ಅಲ್ಲೇ ಮಣ್ಣು ಮಾಡಿದ್ದರು.

ಕೆಲವು ತಿಂಗಳ ಮೇಲೆ ವಕೀಲರು ಮುಂಬೈಯಿಂದ ಒಂದು ಹಾಳೆ ತಂದರು. ಆ ದಿನ ಮಂತ್ರಿ ಓದಲೆಂದು ಟೈಪು ಮಾಡಿಸಿಟ್ಟಿದ್ದ ಉತ್ತರದ ಪ್ರತಿ ಅದು, ಗುರುತಿನ ಗುಮಾಸ್ತನೊಬ್ಬ ಕೊಟ್ಟದ್ದು. ಈ ಕೈದಿಯ ಪ್ರಕರಣ ಉಳಿದ ಆರು ಜನರಂಥದೇ ಎಂದು ತೋರುತ್ತದೆ, ಬಿಡುಗಡೆಗೆ ಸರಕಾರದ ಅಭ್ಯಂತರವಿಲ್ಲ ಎಂದಿತ್ತು. ಸಭೆಯಲ್ಲಿ ಓದಿದ್ದರೆ ಅದು ಮಾತು ಕೊಟ್ಟಂತೆ. ಕೇಳುವವರು ಎದ್ದು ನಿಲ್ಲಲಿಲ್ಲ, ಹಾಳೆ ಫೈಲಿಗೆ ಹೋಯಿತು, ಫೈಲನ್ನು ಕಟ್ಟಿ ಕಪಾಟಿನಲ್ಲಿಟ್ಟರು. ಫೈಲು ಕಟ್ಟಿಟ್ಟವರನ್ನು, ಮಂತ್ರಿಯನ್ನು ನಾನು ಬಾಯಿಗೆ ಬಂದಂತೆ ಬೈದೆ. ವಕೀಲರು ತಡೆಯಲಿಲ್ಲ. ಬೈದು ಮುಗಿದ ಮೇಲೆ ತಾರು ಬರೆದವನು ನಾನೇ ಎಂದು ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಬರದಾಂವ ನೀನು, ನಡದು ಹೊರಗ ಹೋದಾಂವ ನಾನು," ಎಂದರು. ಆಮೇಲೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ.

ಏಕೀಕರಣವಾಯಿತು. ಗದಗಿನ ಬೀದಿಗಳಲ್ಲಿ ಮೆರವಣಿಗೆ, ಮನೆ ಮನೆಗೆ ತೋರಣ. ನನಗೂ ಸಂತೋಷವಾಗಿತ್ತು, ಅದನ್ನು ಮುಚ್ಚಿಡಲಾರೆ. ಆದರೆ ಮೆರವಣಿಗೆಯನ್ನು ಮಧ್ಯದಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ಹೋಗಿ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಅಲ್ಲಿಂದ ಅವಳ ಊರಿಗೆ ನಡೆದುಹೋದೆ. ಅವಳು ಹೊಲದಿಂದ ಆಗಷ್ಟೇ ಬಂದು ಕಟ್ಟೆಯ ಮೇಲೆ ಕುಳಿತಿದ್ದಳು. ಬಹಳ ಸೊರಗಿದ್ದಳು.

"ಬರ್ರಿ ಮಾಸ್ತರ್ರ, ಕುಂಡ್ರಿ. ಇವತ್ತ ನಿಮ್ಮ ಹಬ್ಬಲ್ಲೇನ್ರಿ? ಇಲ್ಲಿಗ್ಯಾಕ ಬಂದ್ರಿ?"

ನಿಂತುಕೊಂಡೇ ಹೇಳಿದೆ. ಸಭೆ, ಚಪ್ಪಾಳೆ, ತಾರು, ಬರೆಯುವಾಗ ನೆನಪಾದದ್ದು, ನೆನಪಾದರೂ ಕಳಿಸಿದ್ದು, ಮಂತ್ರಿಯ ಹಾಳೆಯಲ್ಲಿದ್ದದ್ದು, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅಳು ಬಂತು. ನಾಡು ಒಂದಾಗಲೆಂದು ಮಾಡಿದೆ ತಾಯಿ ಎಂದೆ. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಸೆರಗಿಗೆ ಹತ್ತಿದ ಕಸವನ್ನು ಒಂದೊಂದಾಗಿ ಆರಿಸಿ ತೆಗೆಯುತ್ತ ಕುಳಿತಳು.

ಕೊನೆಗೆ ತಲೆಯೆತ್ತಿದಳು.

"ಅಂವನ್ನ ಕೇಳಿದ್ರ, ನನ್ನ ಚಿಂತಿ ಬಿಡ್ರಿ, ನಾಡಿನ ಕೆಲಸಾ ಮಾಡ್ರಿ ಅಂತಿದ್ದ. ಅಂಥಾಂವಽ ಇದ್ದ. ನನ್ನ ಕೇಳಿದ್ರ, ಅಂವ ಬರೂತನಕಾ ನಿಂದ್ರಿ ಅಂತಿದ್ದೆ." ಕಟ್ಟೆಯಿಂದ ಎದ್ದಳು. "ನೀವು ಇಬ್ಬರನ್ನೂ ಕೇಳಲಿಲ್ಲ ಮಾಸ್ತರ್ರ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.