ಹೊರಗಿನ ಸಪ್ಪಳವೂ ಬರಬೇಕ್ರಿ

ನನ್ನ ಬಲಗಿವಿ ಕೇಳುವುದಿಲ್ಲ. ಮದುವೆಯಾದ ಮೊದಲ ವರ್ಷವೇ ಅದು ಹೋಯಿತು. ಅಂದು ಮನೆಗೆ ಬೀಗರು ಬಂದಿದ್ದರು. ನನ್ನ ಗಂಡ ಪಡಸಾಲೆಯಲ್ಲಿ ಕೂತು ತಂಬೂರ ಎಂಬ ಊರು ಧಾರವಾಡ ತಾಲೂಕಿಗೆ ಸೇರಿದ್ದೆಂದು ಅವರಿಗೆ ಹೇಳುತ್ತಿದ್ದರು. ನನ್ನ ಸೋದರತ್ತೆಯನ್ನು ಕೊಟ್ಟದ್ದು ಆ ಊರಿಗೆ. ಚಹಾ ಇಡುತ್ತಿದ್ದ ನಾನು ಬಾಯಿ ತಡೆಯದೆ, "ಅದು ಕಲಘಟಗಿ ತಾಲೂಕಾಗ ಬರತೈತ್ರಿ" ಅಂದೆ. ಬೀಗರು ನಕ್ಕರು. ಅವರು ಹೋದ ಮೇಲೆ ನನ್ನ ಗಂಡ ಅಡಿಗೆಮನೆಗೆ ಬಂದು, ಒಂದು ಮಾತೂ ಆಡದೆ ಕಪಾಳಕ್ಕೆ ಹೊಡೆದರು. ಒಂದೇ ಏಟು. ಕಿವಿಯಲ್ಲಿ ಗುಂಯ್ ಅಂದದ್ದು ಎಷ್ಟೋ ದಿನ ನಿಲ್ಲಲಿಲ್ಲ. ಬೆಳಗಾದರೆ ತಲೆದಿಂಬಿನ ಮೇಲೆ ರಕ್ತದ ಕಲೆ ಇರುತ್ತಿತ್ತು. ಅತ್ತೆ ಬಳ್ಳೊಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು. ಕೀವು ಸೋರಿತು, ಒಣಗಿತು, ಆಮೇಲೆ ಗುಂಯ್ ಅನ್ನುವುದೂ ನಿಂತಿತು. ಅದರ ಜೊತೆ ಉಳಿದ ಸಪ್ಪಳಗಳೂ ನಿಂತವು.

ನಮ್ಮ ಮನೆ ಇದ್ದದ್ದು ಗುಡಗೇರಿಯಲ್ಲಿ, ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ. ನನ್ನ ಗಂಡ ಒಂದು ದಲಾಲಿ ಅಂಗಡಿಯಲ್ಲಿ ಕಾಳು ತೂಗಿಸುವ ಕೆಲಸಕ್ಕಿದ್ದರು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಕೆಲವು ವರ್ಷಗಳ ನಂತರ ಅತ್ತೆಗೆ ಲಕ್ವ ಹೊಡೆಯಿತು. ಒಂದು ಕೈ, ಒಂದು ಕಾಲು ಬಿದ್ದುಹೋದವು. ಬಾಯಿ ಮಾತ್ರ ಮೊದಲಿನಂತೆಯೇ ಇತ್ತು. ಪಡಸಾಲೆಯ ಮಂಚ ಹಿಡಿದ ಅವರಿಗೆ ನೀರು, ಊಟ, ಸ್ನಾನ, ಮಗ್ಗಲು ಬದಲಿಸುವುದು ಎಲ್ಲ ನನ್ನ ಪಾಲಿಗೆ ಬಂತು.

ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಒಂದು ಟ್ರಾನ್ಸಿಸ್ಟರ್. ಮದುವೆಯಲ್ಲಿ ನಮ್ಮಪ್ಪ ಕೊಟ್ಟದ್ದು. ಮಧ್ಯಾಹ್ನ ಬರುವ ನಾಟಕ, ಹೆಂಗಸರ ಕಾರ್ಯಕ್ರಮ, ಯಾರೋ ಓದುವ ಕತೆ, ಇಷ್ಟು ಕೇಳಿದರೆ ನನಗೆ ಆ ದಿನ ಕಳೆಯುವ ಬಲ ಬರುತ್ತಿತ್ತು. ಆದರೆ ಅತ್ತೆಗೆ ಆ ಸಪ್ಪಳ ಆಗುತ್ತಿರಲಿಲ್ಲ. ನನ್ನ ಗಂಡ ಊಟಕ್ಕೆ ಬಂದು ಒಂದು ಗಳಿಗೆ ಮಲಗುವ ಹೊತ್ತೂ ಅದೇ. ಅದಕ್ಕೆ ರೇಡಿಯೋ ಜೊತೆ ಬಂದಿದ್ದ ಗುಂಡಿಯಂಥ ಇಯರ್‌ಫೋನನ್ನು ಎಡಗಿವಿಗೆ ಸಿಕ್ಕಿಸಿಕೊಂಡು ಕೇಳುತ್ತಿದ್ದೆ. ಎರಡು ಕಿವಿ ಇದ್ದವರಿಗೆ ಅದರಿಂದ ತೊಂದರೆಯಿಲ್ಲ. ಒಂದರಲ್ಲಿ ರೇಡಿಯೋ, ಇನ್ನೊಂದರಲ್ಲಿ ಮನೆ. ನನಗೆ ಇದ್ದದ್ದೇ ಒಂದು. ಅದನ್ನು ಮುಚ್ಚಿದರೆ ಮನೆ ಮುಳುಗಿಹೋಗುತ್ತಿತ್ತು.

ಒಂದು ದಿನ ಹಾಗೆಯೇ ಆಯಿತು. ನಾನು ಒಳಗೆ ಜೋಳ ಹಸನು ಮಾಡುತ್ತ ನಾಟಕ ಕೇಳುತ್ತಿದ್ದೆ. ಅತ್ತೆ ನೀರಿಗೆ ಕರೆದಿದ್ದಾರೆ, ಕರೆದು ಕರೆದು ಸಾಕಾಗಿ ತಾವೇ ತಂಬಿಗೆಗೆ ಕೈ ಚಾಚಿ ಮಂಚದಿಂದ ಜಾರಿ ಬಿದ್ದಿದ್ದಾರೆ. ಊಟಕ್ಕೆ ಬಂದ ಮಗ ನೋಡಿದ್ದು ನೆಲದ ಮೇಲೆ ಬಿದ್ದ ತಾಯಿಯನ್ನು. ನನಗೆ ಗೊತ್ತಾದದ್ದು ಕಿವಿಯ ವಾಯರನ್ನು ಅವರು ಹಿಡಿದೆಳೆದಾಗ. ಅದನ್ನು ಎರಡು ತುಂಡು ಮಾಡಿ ಒಲೆಗೆ ಒಗೆದರು. ಸುಟ್ಟ ವಾಯರಿನ ನಾತ ಸಂಜೆಯತನಕ ಅಡಿಗೆಮನೆ ಬಿಟ್ಟು ಹೋಗಲಿಲ್ಲ.

ಕೆಲವು ತಿಂಗಳು ರೇಡಿಯೋ ಇಲ್ಲದೆ ಕಳೆದೆ. ಆಮೇಲೆ ಒಂದು ದಿನ, ಅತ್ತೆಯ ಔಷಧಕ್ಕೆಂದು ನನ್ನ ಗಂಡ ಹುಬ್ಬಳ್ಳಿಗೆ ಹೊರಟಾಗ, ನಾನೂ ಬರುತ್ತೇನೆ ಅಂದೆ. ಓಣಿಯವರಿಗೆ ಹಳೆ ಸೀರೆಗಳ ಕೌದಿ ಹೊಲಿದುಕೊಟ್ಟು ಕೂಡಿಸಿದ ರೊಕ್ಕ ನನ್ನ ಹತ್ತಿರ ಇತ್ತು.

"ಯಾಕ?" ಅಂದರು.

"ಇಯರ್‌ಫೋನ್ ತಗೋಬೇಕ್ರಿ."

"ಮತ್ತ ಅದನ?"

"ಅತ್ತಿ ಕರದದ್ದು ಕೇಳೂವಂಥದು ಸಿಕ್ಕರ ತಗೋತೀನಿ. ಇಲ್ಲಾಂದ್ರ ಬ್ಯಾಡ."

ಅವರು, "ಅವ್ವ ಇನ್ನೊಮ್ಮೆ ಬಿದ್ದಳಂದ್ರ ಆ ರೇಡಿಯೋನೂ ಒಲಿಗೇ" ಅಂದರು. ಅದು ಒಪ್ಪಿಗೆ ಎಂದು ತಿಳಿದುಕೊಂಡೆ. ಬಾಜು ಮನೆಯ ಕಾಕಿಯನ್ನು ಅತ್ತೆಯ ಹತ್ತಿರ ಕೂರಿಸಿ ರೈಲು ಹತ್ತಿದೆವು.

ಹುಬ್ಬಳ್ಳಿಯಲ್ಲಿ ಔಷಧ ತೆಗೆದುಕೊಂಡಾದ ಮೇಲೆ ಮೊದಲು ಹೊಕ್ಕದ್ದು ಒಂದು ದೊಡ್ಡ ರೇಡಿಯೋ ಅಂಗಡಿ. ಅಲ್ಲಿಯವನು ಬಟ್ಟಲಿನಂಥ ಎರಡು ದಪ್ಪ ಮುಚ್ಚಳಗಳಿದ್ದ ಇಯರ್‌ಫೋನ್ ತೆಗೆದು, "ಇದನ್ನ ಹಾಕ್ಕೊಂಡ್ರ ಹೊರಗಿನ ಸಪ್ಪಳ ಒಂದೀಟೂ ಬರಂಗಿಲ್ರಿ ಅಕ್ಕಾರ" ಎಂದು ಹೆಮ್ಮೆಯಿಂದ ಹೇಳಿದ.

"ನನಗ ಹೊರಗಿನ ಸಪ್ಪಳವೂ ಬರಬೇಕ್ರಿ" ಅಂದೆ.

ಅವನು ನನ್ನ ಮುಖ ನೋಡಿದ, ನನ್ನ ಗಂಡನ ಮುಖ ನೋಡಿದ. "ಹಂಗಂದ್ರ ಇಯರ್‌ಫೋನ್ ಯಾಕ ಬೇಕ್ರಿ?" ಅಂದ. ಅದರ ಬೆಲೆ ಕೇಳಿದ ನನ್ನ ಗಂಡ ಆಗಲೇ ಮೆಟ್ಟಿಲು ಇಳಿದಿದ್ದರು.

ಎರಡನೆಯ ಅಂಗಡಿಯಲ್ಲಿ ಇದ್ದದ್ದು ನನ್ನ ಹಳೆಯದರಂಥ ಗುಂಡಿಗಳೇ. ಅಗ್ಗದವು. ಒಂದನ್ನು ಹಾಕಿ ನೋಡಿದೆ. ಬಜಾರದ ಗದ್ದಲ, ಟಾಂಗಾದ ಗಂಟೆ, ಸೈಕಲ್ಲಿನವರ ಕೂಗು ಎಲ್ಲ ಒಮ್ಮೆಲೇ ದೂರ ಹೋದವು. ನನ್ನ ಗಂಡ ಏನೋ ಅನ್ನುತ್ತಿದ್ದರು. ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ಇದನ್ನೇ ತೆಗೆದುಕೊಂಡುಬಿಡಲೇ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಕೆಳಗೆ ಬಿದ್ದ ಅತ್ತೆಯನ್ನು ಎತ್ತಬೇಕಾದವಳು ನಾನೇ. ತೆಗೆದು ವಾಪಸು ಇಟ್ಟೆ.

ಮೂರನೆಯದು ಓಣಿಯೊಳಗಿನ ಸಣ್ಣ ಅಂಗಡಿ. ಕೈಗಡಿಯಾರ, ಟಾರ್ಚು, ಕ್ಯಾಸೆಟ್ಟು ಎಲ್ಲ ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಅಂಗಡಿಯ ಮುದುಕ ಪ್ಲಾಸ್ಟಿಕ್ ಚೀಲದಲ್ಲಿ ತೂಗುಹಾಕಿದ್ದ ಒಂದನ್ನು ಇಳಿಸಿಕೊಟ್ಟ. ತಲೆಯ ಮೇಲೆ ಹಾಯುವ ತೆಳ್ಳನೆಯ ಪಟ್ಟಿ, ಎರಡೂ ತುದಿಗೆ ಕರಿ ಸ್ಪಂಜಿನ ಬಿಲ್ಲೆ. ಮುಂಬಯಿ ಕಡೆ ಹುಡುಗರು ಹಾಕಿಕೊಂಡು ತಿರುಗುವುದು ಇಂಥದೇ ಎಂದ. ಕಿವಿಯೊಳಗೆ ಹೋಗುವಂಥದಲ್ಲ, ಕಿವಿಯ ಮೇಲೆ ಸುಮ್ಮನೆ ಕೂತುಕೊಳ್ಳುವಂಥದು. ಸ್ಪಂಜಿನ ತೂತುಗಳಿಂದ ಗಾಳಿ ಆಡಿದ ಹಾಗೆ ಸಪ್ಪಳವೂ ಬರುತ್ತಿತ್ತು. ಅವನು ತನ್ನ ರೇಡಿಯೋಕ್ಕೆ ಅದನ್ನು ಹಚ್ಚಿದ. ಹಾಡೂ ಕೇಳಿತು, ಓಣಿಯಲ್ಲಿ ಯಾರೋ ಎತ್ತು ಗದರಿಸಿದ್ದೂ ಕೇಳಿತು.

"ಆದ್ರ ನಿಮ್ಮ ಸಣ್ಣ ರೇಡಿಯೋಕ್ಕ ಒಂದ ಬಾಜು ಅಷ್ಟ ನುಡಿತೈತ್ರಿ. ಇನ್ನೊಂದು ಬಾಜು ಸುಮ್ನ ಇರತೈತಿ" ಎಂದು ಮುದುಕ ಎಚ್ಚರಿಸಿದ.

"ಒಂದ ಸಾಕ್ರಿ. ನನಗ ಇನ್ನೊಂದು ಕಿವಿ ಕೇಳಂಗಿಲ್ಲ."

ಹೊರಗೆ ಒಬ್ಬರಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ಮುದುಕ ಚಷ್ಮಾದ ಮೇಲಿಂದ ನೋಡಿ, ಮೆತ್ತಗೆ, "ಯಾವಾಗಿಂದವ್ವ?" ಅಂದ.

ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಹೇಳಿದರು: "ಹುಟ್ಟಿದಾಗಿಂದ ಹಂಗ್ರಿ."

ಎಷ್ಟು ಸಲೀಸಾಗಿ ಅಂದರು! ಒಂದು ಕ್ಷಣವೂ ತಡವರಿಸಲಿಲ್ಲ. ನಾನು ಅವರ ಕಡೆ ನೋಡಿದೆ. ಅವರು ಟಾರ್ಚೊಂದನ್ನು ಎತ್ತಿಕೊಂಡು ಹಚ್ಚಿ ಆರಿಸುತ್ತಿದ್ದರು. ಮುದುಕ, "ಪಾಪ" ಅಂದ. ಆ ಪಾಪದ ಮುಂದೆ ನಾನು ಏನೂ ಹೇಳಲಾರದೆ ನಿಂತೆ. ಪರಊರು, ಪರರ ಅಂಗಡಿ.

ಮುದುಕನೇ ಪರೀಕ್ಷೆ ಮಾಡೋಣ ಅಂದ. ನಾನು ಗೋಡೆಯ ಕಡೆ ಮುಖ ಮಾಡಿ ಹಾಡು ಕೇಳುತ್ತ ನಿಲ್ಲುವುದು, ನನ್ನ ಗಂಡ ಹಿಂದಿನಿಂದ ಕರೆಯುವುದು. ಅವರು ಓಣಿಯ ಬಾಯಿಯಲ್ಲಿ ನಿಂತು "ಏ!" ಅಂದರು. ಕೇಳಿತು, ತಿರುಗಿದೆ. ಇನ್ನಷ್ಟು ದೂರ ಹೋಗಿ ಕರೆದರು. ಅದೂ ಕೇಳಿತು. "ನಡಿತೈತಿ" ಅಂದರು, ಎಮ್ಮೆಯ ಹಲ್ಲು ನೋಡಿದವರ ಹಾಗೆ. ಅಂಥದರಲ್ಲೇ ಎರಡು ನಮೂನೆ ಇದ್ದವು: ಒಂದಕ್ಕೆ ಉಕ್ಕಿನ ಪಟ್ಟಿ, ಒಂದಕ್ಕೆ ಪ್ಲಾಸ್ಟಿಕ್ಕಿನದು. ನನ್ನ ರೊಕ್ಕಕ್ಕೆ ಪ್ಲಾಸ್ಟಿಕ್ಕಿನದು ಬಂತು. ಬಲಗಡೆಯ ಸ್ಪಂಜು ಸ್ವಲ್ಪ ಹರಿದಿತ್ತು. ಆ ಕಡೆಯದು ಹೇಗಿದ್ದರೂ ನಡೆಯುತ್ತಿತ್ತು. ಅದನ್ನೇ ತೋರಿಸಿ ನನ್ನ ಗಂಡ ಚೌಕಾಶಿ ಮಾಡಿ ಇನ್ನಷ್ಟು ಇಳಿಸಿದರು.

ಮನೆಯಲ್ಲಿ ಅದು ಒಳ್ಳೆಯ ಕೆಲಸ ಮಾಡಿತು. ರೇಡಿಯೋ ನನ್ನೊಬ್ಬಳಿಗೆ, ಅತ್ತೆಯ ಕರೆಯೂ ನನಗೆ. ಅತ್ತೆ "ನೀರ!" ಅಂದರೆ ತಂಬಿಗೆ ಹಿಡಿದು ಎದುರಿಗೆ ನಿಂತಿರುತ್ತಿದ್ದೆ. ಅದು ಹೇಗೆ ಕೇಳುತ್ತದೆ ಎಂದು ಅವರೆಂದೂ ಕೇಳಲಿಲ್ಲ. ಜೋರಾಗಿ ಕೂಗಿದ್ದರಿಂದ ಕೇಳಿರಬೇಕೆಂದು ತಿಳಿದಿದ್ದರು. ಎರಡೂ ಕಿವಿ ಮುಚ್ಚಿಕೊಂಡವಳಿಗೆ ಸಣ್ಣ ದನಿಯ ಮಾತು ಕೇಳುವುದಿಲ್ಲ ಎಂಬ ನಂಬಿಕೆ ಅವರಿಗೂ, ಅವರನ್ನು ಮಾತಾಡಿಸಲು ಬರುವವರಿಗೂ ಇತ್ತು.

ಹಾಗಾಗಿಯೇ ಒಂದು ಮಧ್ಯಾಹ್ನ ಆ ಮಾತು ನನ್ನ ಕಿವಿಗೆ ಬಿತ್ತು. ಬಾಜು ಮನೆಯ ಕಾಕಿ ತನ್ನ ತಂಗಿಯನ್ನು ಕರೆದುಕೊಂಡು ಅತ್ತೆಯನ್ನು ನೋಡಲು ಬಂದಿದ್ದರು. ನಾನು ಒಳಬಾಗಿಲ ಹತ್ತಿರ ಕೂತು ಕಡಲೆ ಹಸನು ಮಾಡುತ್ತಿದ್ದೆ. ರೇಡಿಯೋದಲ್ಲಿ ಯಾರೋ ಉಪ್ಪಿನಕಾಯಿ ಹಾಕುವ ಬಗೆ ಹೇಳುತ್ತಿದ್ದರು.

ತಂಗಿ ಕೇಳಿದಳು: "ಸೊಸಿಗೆ ಕಿವಿ ಕೇಳಂಗಿಲ್ಲಂತಲ್ರಿ?"

"ಮದವಿ ಮಾಡೂಮುಂದ ಮುಚ್ಚಿಟ್ರು ನೋಡವಾ" ಅತ್ತೆಯ ದನಿ. "ಬಂದ ಮ್ಯಾಲ ತಿಳೀತು. ಆಕಿ ಅಪ್ಪನ್ನ ಕರಿಸಿ, ಗುಡ್ಯಾಗ ಹಿರ್ಯಾರ ಮುಂದ ಕುಂಡ್ರಿಸಿ ಕೇಳಿದ್ವಿ. ಕೈ ಮುಗದು, ತಪ್ಪಾತ್ರಿ ಅಂದ. ಅದಕ್ಕ ದಂಡ ಅಂತ ಒಂದು ಎಮ್ಮಿ ಕೊಟ್ಟ."

ಕಡಲೆ ಕೈಯಲ್ಲೇ ಉಳಿಯಿತು. ಆ ಎಮ್ಮೆ ನನಗೆ ಚೆನ್ನಾಗಿ ನೆನಪಿತ್ತು. ಮದುವೆಯಾದ ಮರುವರ್ಷ ನಮ್ಮಪ್ಪನ ಆಳು ಅದನ್ನು ಹೊಡೆದುಕೊಂಡು ಬಂದು ನಮ್ಮ ಹಿತ್ತಲಲ್ಲಿ ಕಟ್ಟಿದ್ದ. ಮಗಳು ಹಾಲುಣ್ಣಲಿ ಎಂದು ಅಪ್ಪ ಕಳಿಸಿದ್ದಾನೆ ಎಂದು ಹಿಗ್ಗಿ, ಅದು ಈದಾಗ ನಾನು ಓಣಿಗೆಲ್ಲ ಗಿಣ್ಣು ಹಂಚಿದ್ದೆ.

ತಲೆಯ ಮೇಲಿಂದ ಪಟ್ಟಿ ತೆಗೆದು ಪಡಸಾಲೆಗೆ ಬಂದೆ.

"ಅತ್ತಿ, ನನ್ನ ಕಿವಿ ನಿಮ್ಮ ಮಗ ಹೊಡದದ್ದಕ್ಕ ಹೋತು. ಬಳ್ಳೊಳ್ಳಿ ಎಣ್ಣಿ ಕಾಸಿ ಬಿಟ್ಟಾವ್ರು ನೀವ. ಇವರ ಮುಂದ ಹೇಳ್ರಿ."

ಬಂದ ಹೆಂಗಸರಿಬ್ಬರೂ ಸೆರಗು ಸರಿಮಾಡಿಕೊಂಡು ನೆಲ ನೋಡಿದರು. ಅತ್ತೆಗೆ ಸಿಟ್ಟು ಬಂತೇ ಹೊರತು ನಾಚಿಕೆಯಾಗಲಿಲ್ಲ. "ಗಂಡ ಹೊಡದದ್ದನ್ನ ಊರ ಮುಂದ ಹೇಳ್ಕೋತ ಹೋಗ್ತಾರೇನ? ನಿನ್ನ ಮಾನಾನೂ ಕಾದೀನಿ, ಅವನ ಮಾನಾನೂ ಕಾದೀನಿ. ಅದಕ್ಕ ಇದು ಬಹುಮಾನ!" ಅಂದರು. ಕಾಕಿ, "ಇರಲಿ ಬಿಡವಾ, ಎಲ್ಲಾರ ಮನ್ಯಾಗ ಇದ್ದದ್ದ" ಎಂದು ತಂಗಿಯನ್ನು ಎಬ್ಬಿಸಿಕೊಂಡು ಹೋದರು.

ಸಂಜೆ ಅವರ ಮಗನಿಗೆ ಸುದ್ದಿ ಮುಟ್ಟಿತು. ಅವರು ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತರು.

"ಏನಂದೆಂತ ಇವತ್ತ?"

"ಇದ್ದದ್ದು ಅಂದೀನ್ರಿ."

ಕೈ ಎತ್ತಿದರು. ನಾನು ರೊಟ್ಟಿ ಬಡಿಯುತ್ತಲೇ ಇದ್ದೆ. ಕೈ ಕೆಳಗೆ ಬಂತು. ಆಗ ಅದನ್ನು ಪಶ್ಚಾತ್ತಾಪ ಎಂದುಕೊಂಡೆ. ಆಮೇಲೆ ತಿಳಿಯಿತು: ಉಳಿದ ಕಿವಿಯೂ ಹೋದರೆ ಅವ್ವ ಕರೆದದ್ದು ಯಾರಿಗೆ ಕೇಳಬೇಕು? ಅಷ್ಟು ಲೆಕ್ಕ ಅವರಿಗೆ ಬರುತ್ತಿತ್ತು. ಕೂತು ಉಂಡರು. ಆ ವಿಷಯ ಅವರು ಮತ್ತೆಂದೂ ಎತ್ತಲಿಲ್ಲ. ತಪ್ಪಾಯಿತು ಎಂದೂ ಅನ್ನಲಿಲ್ಲ.

ನಾಗರ ಪಂಚಮಿಗೆ ತವರಿಗೆ ಹೋದೆ. ನವಲಗುಂದದ ಹತ್ತಿರದ ಊರು. ಅಪ್ಪ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಎದುರಿಗೆ ಕೂತೆ.

"ಅಪ್ಪಾ, ನನ್ನ ಕಿವಿ ಹುಟ್ಟಿದಾಗಿಂದ ಹಿಂಗ ಇತ್ತೇನು?"

ಅವನ ಕೈ ನಿಂತಿತು. ಯಾಕೆ ಕೇಳುತ್ತೀ ಎಂದು ಅವನು ಕೇಳಲಿಲ್ಲ. "ಇರಲಿಲ್ಲವ್ವ" ಅಂದ.

"ಮತ್ತ ಅಲ್ಲಿ ಹಿರ್ಯಾರ ಮುಂದ ತಪ್ಪಾತಂತ ಯಾಕ ಕೈ ಮುಗದಿ?"

"ಇಲ್ಲಂದಿದ್ರ, ಹೊಡದಾವ್ರು ಯಾರು ಅನ್ನೂ ಮಾತು ಬರತಿತ್ತು. ಆ ಮಾತು ಬಂದ ಮ್ಯಾಲ ನಿನ್ನ ಇಟ್ಕೋತಿದ್ರೇನು? ನಿನ್ನ ಹಿಂದ ಇನ್ನ ಇಬ್ರು ಹುಡುಗ್ಯಾರು ಮದವಿಗಿದ್ರು."

"ಅಂದ್ರ ಹೊಡದದ್ದು ನಿನಗ ಗೊತ್ತಿತ್ತು."

ಅಪ್ಪ ಹಗ್ಗದ ಎಳೆಯನ್ನು ಹಲ್ಲಿನಿಂದ ಕಡಿದ. "ಗೊತ್ತಿತ್ತು" ಅಂದ.

ಆತ ಅತ್ತಿದ್ದರೆ ಏನಾಗುತ್ತಿತ್ತೋ. ಅಳಲಿಲ್ಲ. ತಾನು ಮಾಡಿದ್ದು ಸರಿ ಎಂದು ಇವತ್ತಿಗೂ ನಂಬಿದವರಲ್ಲಿ ಒಂದು ಶಾಂತಿ ಇರುತ್ತದಲ್ಲ, ಅದು ಅವನ ಮುಖದಲ್ಲಿತ್ತು. ಒಳಗೆ ನನ್ನ ತಂಗಿಯರು ತಮ್ಮ ಮಕ್ಕಳನ್ನು ಜೋಕಾಲಿ ಆಡಿಸುತ್ತಿದ್ದರು. ಇಬ್ಬರಿಗೂ ಒಳ್ಳೆಯ ಮನೆ ಸಿಕ್ಕಿತ್ತು. ಹಬ್ಬ ಮುಗಿಯುವ ಮೊದಲೇ ನಾನು ಬಸ್ಸು ಹತ್ತಿದೆ. ಅತ್ತೆಗೆ ಆರಾಮಿಲ್ಲ ಎಂದು ನೆಪ ಹೇಳಿದೆ. ಯಾರೂ ಹೆಚ್ಚು ತಡೆಯಲಿಲ್ಲ.

ಮುಂದೆ ಪ್ರತಿ ಪಂಚಮಿಗೆ ಕರೆಯಲು ತಮ್ಮ ಬಂದರೂ ನಾನು ಹೋಗಲಿಲ್ಲ. ಅಪ್ಪ ಅವನ ಕೈಯಲ್ಲಿ ಉಂಡಿ ಕಳಿಸುತ್ತಿದ್ದ. ಎಳ್ಳಿನವು, ಶೇಂಗಾದವು, ಬೇಸನ್ನಿನವು. ನಾನು ಮುಟ್ಟುತ್ತಿರಲಿಲ್ಲ. ಬೇಸನ್ ಉಂಡಿಯೆಂದರೆ ಅತ್ತೆಗೆ ಪ್ರಾಣ. ಹಲ್ಲಿರಲಿಲ್ಲ, ನಾನೇ ಪುಡಿ ಮಾಡಿ ಬಾಯಿಗೆ ಹಾಕಬೇಕು. ಒಂದು ಸಲ ಹಾಗೆ ತಿನ್ನಿಸುತ್ತಿದ್ದಾಗ ಅವರು, "ನಿಮ್ಮಪ್ಪ ಅಗದಿ ಛಲೋ ಮನಷ್ಯಾ. ಒಂದು ದಿನಾರ ನಮಗ ಎದುರು ಮಾತಾಡಿಲ್ಲ" ಅಂದರು.

ಇನ್ನೊಂದು ಉಂಡಿ ಒಡೆದು ಅವರ ಬಾಯಿಗೆ ಹಾಕಿದೆ.