ಹೊರಗೆ ಬರುವುದಕ್ಕೂ ಒಂದು ಪ್ರಾರ್ಥನೆ

ಬೆಳಿಗ್ಗೆ ಐದೂವರೆಗೆ ಬಚ್ಚಲು ತೊಳೆಯುವುದು ನನ್ನ ಪದ್ಧತಿ. ಐದು ಇಪ್ಪತ್ತಕ್ಕಲ್ಲ, ಐದೂ ಮುಕ್ಕಾಲಿಗೂ ಅಲ್ಲ. ನಾನು ನರ್ಸ್ ಕೆಲಸದಿಂದ ನಿವೃತ್ತಳಾಗಿ ಹದಿನಾರು ವರ್ಷವಾಯಿತು. ನನ್ನೊಳಗೆ ಕೂತಿರುವ ಮೇಟ್ರನ್ ಮಾತ್ರ ಇನ್ನೂ ನಿವೃತ್ತಳಾಗಿಲ್ಲ. ಹಾಸಿಗೆಯ ಚಾದರದ ಮೂಲೆ ಮಡಚದೆ ನನಗೆ ಕಾಫಿ ಇಳಿಯುವುದಿಲ್ಲ. ಹೋದ ವಾರ ಹೀಗೇ ಫಿನಾಯಿಲ್ ಸುರಿದು, ಪೊರಕೆ ಹಿಡಿದು ಬಗ್ಗಿದ್ದಾಗ ಫೋನ್ ಬಂತು. ಆ ಹೊತ್ತಿಗೆ ಮಾಡಿದರೆ ನಾನು ಎದ್ದಿರುತ್ತೇನೆಂದು ಚಿತ್ರದುರ್ಗದ ನಮ್ಮ ಚರ್ಚಿನ ಸಭೆಗೆಲ್ಲ ಗೊತ್ತು. ಸ್ತ್ರೀಯರ ಕೂಟದ ಕಾರ್ಯದರ್ಶಿ.

“ಆಂಟಿ, ಭಾನುವಾರ ಸಾಕ್ಷಿ ನಿಮ್ದೇ. ಆ ಭೀಮಸಮುದ್ರದ ಸಾಹುಕಾರ್ರ ಕತೆನೇ ಹೇಳ್ರಿ. ಎಲ್ರೂ ಅಳ್ತಾರೆ.”

ದೇವರು ತನ್ನ ಬದುಕಿನಲ್ಲಿ ಮಾಡಿದ್ದನ್ನು ಸಭೆಯ ಮುಂದೆ ನಿಂತು ಹೇಳುವುದಕ್ಕೆ ನಮ್ಮಲ್ಲಿ ಸಾಕ್ಷಿ ಎನ್ನುತ್ತಾರೆ. ಹುಟ್ಟಿದಾಗಿನಿಂದ ಕೇಳುತ್ತ ಬಂದಿದ್ದೇನೆ. ದೇವರು ನಮ್ಮವರನ್ನು ಕರೆಯುವ ಜಾಗಗಳು ಬಹಳ ಸೊಗಸಾಗಿರುತ್ತವೆ. ಒಬ್ಬರನ್ನು ಮೈಕಿನ ಮುಂದಕ್ಕೆ ಕರೆಯುತ್ತಾನೆ, ಒಬ್ಬರನ್ನು ಗಿಟಾರಿನ ಹಿಂದಕ್ಕೆ, ಇನ್ನೊಬ್ಬರನ್ನು ವಿಮಾನ ಹತ್ತಿಯೇ ಹೋಗಬೇಕಾದ ಸಮ್ಮೇಳನಕ್ಕೆ. ‘ಮೋರಿ ತೊಳೆ ಬಾ ಎಂದು ಕರೆದ’ ಎಂದು ಯಾರೂ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡಿಲ್ಲ. ಆ ಕಡೆಗೆ ಅವನ ದನಿ ಕೇಳಿಸುವುದಿಲ್ಲವೋ ಏನೋ. ನನ್ನ ಸಾಕ್ಷಿ ಬೇರೆಯಿರಬಹುದು ಎಂದುಕೊಳ್ಳಬೇಡಿ. ಅದೂ ಅದೇ ಜಾತಿಯದು.

ನನ್ನ ಸಾಕ್ಷಿ ಇಷ್ಟು: ಹೊಳಲ್ಕೆರೆ ಕಡೆಯ ಒಂದು ಮಿಷನ್ ಆಸ್ಪತ್ರೆಯಲ್ಲಿ ನಾನಿದ್ದಾಗ ಭೀಮಸಮುದ್ರದ ಅಡಿಕೆ ವ್ಯಾಪಾರಿಯೊಬ್ಬರು ಬಂದು ಸೇರಿದ್ದರು. ಅವರ ಹೊಟ್ಟೆಯ ಹುಣ್ಣು ಒಡೆದು ಒಳಗೊಳಗೇ ರಕ್ತ ಸೋರುತ್ತಿದ್ದುದು ಯಾರಿಗೂ ತಿಳಿದಿರಲಿಲ್ಲ. ದೇವರು ನನ್ನ ಕಣ್ಣು ತೆರೆದ, ಜೀವ ಉಳಿಯಿತು. ಹೇಳಲು ಹತ್ತೊಂಬತ್ತು ನಿಮಿಷ ಬೇಕು. ಅದರಲ್ಲಿರುವ ದೋಷ ಒಂದೇ. ತೆರೆದ ಕಣ್ಣು ನನ್ನದಲ್ಲ, ಎಸ್ತರಮ್ಮನದು.

ಎಸ್ತರಮ್ಮ ನಮ್ಮ ವಾರ್ಡಿನ ಆಯಾ. ಏಳಲಾಗದ ರೋಗಿಗಳಿಗೆ ಹಾಸಿಗೆಯಲ್ಲೇ ಮಲಮೂತ್ರದ ಪ್ಯಾನ್ ಇಡುವುದು, ಎತ್ತುವುದು, ತೊಳೆಯುವುದು ಅವಳ ಕೆಲಸ. ಚೆಲ್ಲುವ ಮುನ್ನ ಅವಳು ಪ್ಯಾನಿನ ಮೇಲೆ ತಲೆ ಬಗ್ಗಿಸಿ, ಒಂದು ಗಳಿಗೆ ತುಟಿ ಅಲುಗಿಸಿ, ಒಳಗೆ ದಿಟ್ಟಿಸಿ ನೋಡುತ್ತಿದ್ದಳು. ಬಿಳಿ ಟೋಪಿಯ ನಮಗೆ ಅದನ್ನು ಕಂಡರೆ ನಗುವೋ ನಗು.

“ಏನು ಎಸ್ತರಮ್ಮ, ಊಟದ ಪ್ರಾರ್ಥನೆ ಇಲ್ಲೂ ಮಾಡ್ತೀರಾ?” ಎಂದು ಒಮ್ಮೆ ನಾನೇ ಕಿಚಾಯಿಸಿದೆ.

“ಒಳಗೆ ಹೋಗಾದ್ಕೆ ನೀವು ಮಾಡ್ತೀರಿ ಸಿಸ್ಟರಮ್ಮ, ಹೊರಗೆ ಬರಾದ್ಕೆ ನಾನು ಮಾಡ್ತೀನಿ. ಎಲ್ಡೂ ನೆಟ್ಟಗಿದ್ರೇನೆ ಮನ್ಷ ಉಳಿಯಾದು.”

ಎಂಟಕ್ಕೆ ದೊಡ್ಡ ಡಾಕ್ಟರು ಬರುವಷ್ಟರಲ್ಲಿ ಪ್ಯಾನ್‌ಗಳೆಲ್ಲ ಫಳಫಳ ಹೊಳೆಯುತ್ತ ಸಾಲಾಗಿ ಬೋರಲು ಬಿದ್ದಿರಬೇಕು. ಮೇಟ್ರನ್ ಹಾಕಿದ ಈ ನಿಯಮ ನನ್ನ ಪಾಲಿಗೆ ಬೈಬಲಿನ ಹತ್ತು ಆಜ್ಞೆಗಳ ಮೇಲೆ ಹನ್ನೊಂದನೆಯದಾಗಿತ್ತು. ಆ ದಿನ ಏಳೂ ಮುಕ್ಕಾಲಿಗೆ ನೋಡಿದರೆ, ಒಂದು ಪ್ಯಾನ್ ಮಾತ್ರ ಹಳೇ ಪೇಪರ್ ಹೊದ್ದುಕೊಂಡು ತೊಳೆಯದೆ ಕೂತಿದೆ.

“ಸಾಹುಕಾರ್ರದ್ದು ಸಿಸ್ಟರಮ್ಮ. ಡಾಕ್ಟ್ರು ನೋಡ್ಲಿ ಅಂತ ಇಟ್ಟೀನಿ. ಕರ್ರಗೈತೆ.”

“ಕಬ್ಬಿಣದ ಟಾನಿಕ್ ಕುಡೀತಿದಾರೆ. ಕಪ್ಪಗಿರದೆ ಬೆಳ್ಳಗಿರುತ್ತಾ? ತೊಳೀರಿ.”

“ಟಾನಿಕ್ಕಿನ ಕಪ್ಪು ನಾನು ದಿನಾ ನೋಡ್ತೀನ್ರಿ. ಇದು ಡಾಂಬರ್ ಇದ್ದಂಗೈತೆ, ಅಂಟ್ತೈತೆ. ವಾಸ್ನೆನೂ ಬ್ಯಾರೆ.”

ನಾನು ಓದಿದವಳು. ಪ್ಯಾನ್ ನೋಡಲಿಲ್ಲ, ಗಡಿಯಾರ ನೋಡಿದೆ. “ಚರ್ಚಿಗೆ ಬಂದ್ರೂ ಕೇರಿ ಬುದ್ಧಿ ಬಿಡಲಿಲ್ಲ ನೋಡು ನಿನಗೆ! ತೊಳಿ ಮೊದಲು!” ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿದೆ. ಅಲ್ಲಿಯವರೆಗೆ ಅವಳನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಅದು ಕ್ರೈಸ್ತ ಶಿಷ್ಟಾಚಾರ.

ಎಸ್ತರಮ್ಮ ತೊಳೆಯಲಿಲ್ಲ. ಪ್ಯಾನಿಗೆ ಅಡ್ಡ ನಿಂತುಬಿಟ್ಟಳು. ಅಷ್ಟರಲ್ಲಿ ಡಾಕ್ಟರು ಬಂದು ಅವಳನ್ನು ಸರಿಸಿ ಪೇಪರ್ ಎತ್ತಿದರು. ಅವರ ಮುಖ ಬದಲಾಯಿತು.

“ಇದು ಒಳಗೆ ಸೋರಿದ ರಕ್ತ. ಯಾರು ತೆಗೆದಿಟ್ಟಿದ್ದು ಇದನ್ನ?”

“ತಮಗೆ ತೋರಿಸೋಕೆ ಅಂತಾನೇ ಇಟ್ಟಿದ್ದು ಸಾರ್,” ಎಂದೆ.

ಇದರಲ್ಲಿ ಸುಳ್ಳೆಲ್ಲಿದೆ, ನೀವೇ ಹೇಳಿ. ಇಷ್ಟು ಶುಚಿಯಾದ ಸುಳ್ಳು ಹೇಳಲು ತರಬೇತಿ ಬೇಕು. “ಭೇಷ್ ಸಿಸ್ಟರ್, ಕಣ್ಣು ಅಂದ್ರೆ ಹೀಗಿರಬೇಕು,” ಎಂದರು ಡಾಕ್ಟರು. ವ್ಯಾಪಾರಿಯನ್ನು ಮಧ್ಯಾಹ್ನದೊಳಗೆ ಜೀಪಿನಲ್ಲಿ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಬದುಕಿದ ಪುಣ್ಯಾತ್ಮ ತಿಂಗಳ ಮೇಲೆ ಎರಡು ಬುಟ್ಟಿ ಬಾಳೆಹಣ್ಣು ಕಳಿಸಿದ. ಹಣ್ಣು ನಾವು ತಿಂದೆವು. ಸಿಪ್ಪೆ ಎಸ್ತರಮ್ಮ ಎತ್ತಿದಳು.

ಇದನ್ನೆಲ್ಲ ನುಂಗಿಕೊಂಡೇ ಇಷ್ಟು ವರ್ಷ ಸಾಕ್ಷಿ ಹೇಳಿದ್ದೆ. ಮೊನ್ನೆ ಮಾತ್ರ, ಮೂಗಿಗೆ ಫಿನಾಯಿಲ್ ಹತ್ತಿ, ಕಿವಿಗೆ ‘ಎಲ್ರೂ ಅಳ್ತಾರೆ’ ಬಿದ್ದಾಗ, ಪೊರಕೆ ಮುಂದೆ ಹೋಗಲಿಲ್ಲ. ಮರುದಿನ ಒಂಬತ್ತರ ಬಸ್ಸಿಗೆ ಹೊಸದುರ್ಗಕ್ಕೆ ಹೋದೆ. ಎಸ್ತರಮ್ಮ ಅಲ್ಲಿ ಮಗಳ ಮನೆಯಲ್ಲಿದ್ದಾಳೆಂದು ಗೊತ್ತಿತ್ತು. ಗೊತ್ತಿದ್ದೂ ಒಮ್ಮೆಯೂ ಹೋಗಿರಲಿಲ್ಲ.

ಎಂಬತ್ತು ದಾಟಿದ ಮುದುಕಿ ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿತ್ತು. “ಬರ್ರಿ ಸಿಸ್ಟರಮ್ಮ, ಕುಂತ್ಕಳ್ರಿ,” ಎಂದಿತು, ನಿನ್ನೆ ತಾನೇ ಡ್ಯೂಟಿ ಮುಗಿಸಿ ಹೋದವಳನ್ನು ಕರೆದಂತೆ. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದನ್ನು ಒಪ್ಪಿಸಿದೆ: “ಎಸ್ತರಮ್ಮ, ಸಾಹುಕಾರ್ರನ್ನ ಉಳಿಸಿದ ಹೆಸರು ನಿಮ್ಮದು. ನಾನು ತಗೊಂಡುಬಿಟ್ಟೆ.”

“ಗೊತ್ತೈತೆ ಬಿಡ್ರಿ. ನಾನೂ ಅಲ್ಲೇ ನಿಂತಿದ್ದೆ ಅಲ್ಲೇನ್ರಿ.”

“ಮತ್ತೆ ಆಗಲೇ ಯಾಕೆ ಹೇಳಲಿಲ್ಲ?”

“ಆಗ್ಲೇ ಇನ್ನೂ ಏಳು ಮಂದಿ ಪ್ಯಾನ್ ಕೇಳ್ತಿದ್ರು. ನಿಮ್ಮಂಗೆ ನಿಂತ್ಕಂಡು ಹೊಗಳಿಸ್ಕಳಾಕೆ ಪುರುಸೊತ್ತೆಲ್ಲಿತ್ತು?” ಎಂದು ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

ಪ್ಯಾನ್ ನೋಡುವುದು ದೇವರ ಕೆಲಸವೆಂದು ಆ ಕಾಲಕ್ಕೇ ಅನ್ನಿಸುತ್ತಿತ್ತೇ ಎಂದು ಕೇಳಿದೆ. ನನ್ನ ದನಿಯಲ್ಲಿ ಆಗಲೇ ಸಾಕ್ಷಿಯ ರಾಗ ಹತ್ತಿತ್ತು.

“ಅದೆಲ್ಲ ನಂಗೇನ್ ಗೊತ್ತ್ರಿ. ಆ ಹೊಟ್ಟೆನೂ ಅವ್ನು ಮಾಡಿದ್ದೇ ಅಲ್ವಾ? ನೋಡ್ದಂಗೆ ಚೆಲ್ಲಬಾರ್ದು, ಅಷ್ಟೇಯ.”

ಭಾನುವಾರ ನಿಜ ಹೇಳುತ್ತೇನೆ ಎಂದು ಎದ್ದೆ. ಎಸ್ತರಮ್ಮ ಬೀಜ ಬಿಡಿಸುವುದನ್ನು ನಿಲ್ಲಿಸಿದಳು. ಈಗ ನಗು ಇರಲಿಲ್ಲ.

“ಹೇಳ್ರಿ. ಪ್ಯಾನಿಂದು ಬಿಟ್ರೂ ಬಿಡ್ರಿ, ಬೈದಿದ್ದು ಹೇಳ್ರಿ. ನೀವು ಅಂದಿದ್ದನ್ನ ನಾನು ಇನ್ನೂ ಚೆಲ್ಲಿಲ್ಲ.”

ವಾಪಸ್ಸು ಬರುವಾಗ ಬಸ್ಸಿನಲ್ಲಿ ಬಾಯಿಪಾಠ ಮಾಡಲಾಗಲಿಲ್ಲ. ಹೆಸರು ಹಿಂತಿರುಗಿಸುವುದು ಸುಲಭ. ಅದರಲ್ಲೂ ಒಂದು ಹೆಸರು ಸಿಗುತ್ತದೆ. ಬೈದದ್ದನ್ನು ಹೇಳಿದರೆ ಏನೂ ಸಿಗುವುದಿಲ್ಲ.

ಭಾನುವಾರ ನನ್ನ ಸಾಕ್ಷಿ ನಾಲ್ಕೇ ನಿಮಿಷದಲ್ಲಿ ಮುಗಿಯಿತು. ಆ ಮಾತನ್ನು ಅಂದ ಹಾಗೆಯೇ, ಅಂದಷ್ಟೇ ಗಟ್ಟಿಯಾಗಿ ಹೇಳಿದೆ. ಯಾರೂ ಅಳಲಿಲ್ಲ. ಮುಂದಿನ ಬೆಂಚಿನವರು ನೆಲ ನೋಡಿದರು. ಹಿಂದಿನ ಬೆಂಚಿನವರು ಮುಂದಿನ ಬೆಂಚಿನವರ ಬೆನ್ನು ನೋಡಿದರು. ಹೊರಗೆ ಬರುವಾಗ ಕಾರ್ಯದರ್ಶಿ ನನ್ನ ಕೈ ಹಿಡಿದು, “ಮೊದ್ಲಿನ್ದೇ ಚೆನ್ನಾಗಿತ್ತು ಆಂಟಿ,” ಎಂದಳು. ಇನ್ನು ಮೇಲೆ ಬೆಳಿಗ್ಗೆ ಐದೂವರೆಗೆ ನನಗೆ ಫೋನ್ ಬರಲಾರದು.

ಇವತ್ತು ಬಂದಿಲ್ಲ. ಬಚ್ಚಲು ಉಜ್ಜಿ, ನೀರು ಸುರಿಯುವ ಮುನ್ನ ಚೊಂಬು ಹಿಡಿದು ತಲೆ ಬಗ್ಗಿಸಿ ನಿಂತೆ. ನನ್ನ ಬಚ್ಚಲಿನಲ್ಲಿ ನೋಡುವಂಥದ್ದೇನಿದೆ? ಆದರೂ ನೋಡಿದೆ. ತಡವಾಯಿತೆಂದು ಒಳಗಿನ ಮೇಟ್ರನ್ ಗದರಿಸಲು ಬಾಯಿ ತೆರೆದಳು.

“ತಾಳಮ್ಮ,” ಎಂದೆ. “ನೋಡದೆ ಚೆಲ್ಲಬಾರದು.”